ಹೆಗಲ ಮೇಲಿನ ಒಂದು ಸುತ್ತು

ಮಾಸ್ತರ್ರ ಹೆಣದ ಎದೆಯ ಮೇಲೆ ಯಾರೋ ಅವರ ಸೀಟಿ ಇಟ್ಟಿದ್ದರು. ಅದೇ ಕಪ್ಪು ದಾರ, ಸಿಟ್ಟು ಬಂದಾಗಲೆಲ್ಲ ಕಡಿದು ಕಡಿದು ನಾರಾಗಿದ್ದ ದಾರ. ನೋಡಲು ಬಂದ ಹಳೆಯ ಆಟಗಾರನೊಬ್ಬ, ಈಗ ಮೊಮ್ಮಕ್ಕಳನ್ನು ಆಡಿಸುವವನು, ನನ್ನ ಕಿವಿಯ ಹತ್ತಿರ ಬಾಗಿ, "ಅದನ್ನ ತಗದು ಆಕಡಿ ಇಡ್ರಪಾ, ಎಲ್ಲ್ಯರ ಎದ್ದು ಊದ್ಯಾರು" ಅಂದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸತ್ತ ಮನೆಯಲ್ಲಿ ನಕ್ಕೆವೆಂದು ಅವರ ಸೊಸೆ ದುರುಗುಟ್ಟಿ ನೋಡಿದಳು.

ಎರಡು ದಿನ ಬಿಟ್ಟು ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಒಬ್ಬರು ಅವರನ್ನು ಶಿಸ್ತಿನ ಸಿಪಾಯಿ ಎಂದರು, ಇನ್ನೊಬ್ಬರು ನಮ್ಮ ಸೀಮೆಯ ಕಬಡ್ಡಿಯ ಭೀಷ್ಮ ಎಂದರು. ಜಾತಿ ನೋಡಿದವರಲ್ಲ, ಸ್ವಂತ ಮಗನನ್ನೂ ಬಿಟ್ಟವರಲ್ಲ, ಎಲ್ಲರಿಗೂ ಒಂದೇ ತಕ್ಕಡಿ ಎಂದೂ ಹೇಳಿದರು. ನನ್ನನ್ನೂ ಕರೆದರು. ಗಂಟಲು ಕಟ್ಟಿದೆ ಎಂದು ಹಿಂದಿನ ಬೆಂಚಿನಲ್ಲೇ ಕೂತೆ. ಗಂಟಲಿಗೆ ಏನೂ ಆಗಿರಲಿಲ್ಲ. ಬಾಯಿ ತೆರೆದರೆ ಸಭೆ ಕೆಡುತ್ತದೆಂದು ಗೊತ್ತಿತ್ತು, ಅಷ್ಟೇ. ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ನಮ್ಮೂರ ಹೈಸ್ಕೂಲಿನ ಡ್ರಿಲ್ ಮಾಸ್ತರ್ರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ ಅರ್ಧ ಚಡ್ಡಿ, ಕೈಯಲ್ಲಿ ಹುಣಸೆ ಬರಲು, ಅದೇ ಅವರ ಬೆತ್ತ. ಪಾಠ ಮುಗಿದ ಮೇಲೆ ಊರ ಕಬಡ್ಡಿ ತಂಡವೂ ಅವರದೇ. ನಾನು ಆ ತಂಡದಲ್ಲಿ ಎಡ ಮೂಲೆಯಲ್ಲಿ ನಿಲ್ಲುತ್ತಿದ್ದೆ. ಸಾಲಿ ಬಿಟ್ಟು ವರ್ಷಗಳಾಗಿ, ಮೀಸೆ ಬಂದು, ಕೆಲವರಿಗೆ ಮದುವೆಯೂ ಆಗಿದ್ದರೂ ಅವರ ಮುಂದೆ ನಾವು ಹುಳುಗಳೇ. ತಪ್ಪು ಹೆಜ್ಜೆ ಇಟ್ಟವನ ಮೊಣಕಾಲ ಹಿಂದಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ತಿರುವುತ್ತಿದ್ದರು. ಯಾರಾದರೂ ಅಯ್ಯೋ ಅಂದರೆ, "ಆಟದಾಗ ಅಯ್ಯೋ ಅನ್ನೂ ಮಾತು ಇಲ್ಲಲೇ, ಉಸರು ಯಾಕ ಕಳೀತಿ" ಎಂದು ಇನ್ನಷ್ಟು ತಿರುವುತ್ತಿದ್ದರು. ಪ್ರಾಕ್ಟೀಸು ಮುಗಿಯುವವರೆಗೆ ನಮಗೆ ನೀರಿಲ್ಲ. ತಾವು ಮಾತ್ರ ನಮ್ಮೆದುರಿಗೇ ಕೊಡದಿಂದ ನೀರು ಬಗ್ಗಿಸಿಕೊಂಡು ಬಾಯಿ ಮುಕ್ಕಳಿಸಿ ಉಗುಳುತ್ತಿದ್ದರು. ನಾವು ಆ ಉಗುಳಿದ ನೀರು ಕರಿ ಮಣ್ಣಿನಲ್ಲಿ ಇಂಗುವುದನ್ನು ನೋಡುತ್ತ ನಿಲ್ಲುತ್ತಿದ್ದೆವು.

ಮಗನ ಕಥೆ ನಿಜ. ಅವನೂ ಒಂದು ವರ್ಷ ತಂಡದಲ್ಲಿದ್ದ. ಸೆಮಿಫೈನಲ್ಲಿನಲ್ಲಿ ಎರಡು ರೇಡ್ ಹೋಗಿ ಎರಡರಲ್ಲೂ ಸಿಕ್ಕಿಬಿದ್ದ. ಮಾಸ್ತರ್ರು ಆಟ ನಿಲ್ಲಿಸಿ ಮೈಕ್ ಹಿಡಿದು, "ಇಂವ ನನ್ನ ಮಗ. ಇವಗ ಆಟ ಬರಾಂಗಿಲ್ಲ. ಇವರವ್ವ ಅತ್ತಾಳ ಅಂತ ಇಳಿಸಿದ್ದೆ. ತಪ್ಪಾತು" ಎಂದು ನೆರೆದ ಊರುಗಳಿಗೆಲ್ಲ ಕೇಳುವಂತೆ ಹೇಳಿದರು. ಜನ ಹೊಟ್ಟೆ ಹಿಡಿದು ನಕ್ಕರು. ಮಗ ಅಂದಿನಿಂದ ಮೈದಾನದ ಕಡೆ ಕಾಲಿಡಲಿಲ್ಲ. ಈಗ ಯಾದಗಿರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಬಂದು ಮಾಡಬೇಕಾದ್ದನ್ನೆಲ್ಲ ಮಾಡಿ, ಕಣ್ಣು ಒದ್ದೆ ಮಾಡಿಕೊಳ್ಳದೆ ಸಂಜೆ ಬಸ್ಸಿಗೆ ಹೋದ. ಎಲ್ಲರಿಗೂ ಒಂದೇ ತಕ್ಕಡಿ ಎಂದು ಸಭೆಯಲ್ಲಿ ಹೊಗಳಿದವರು ಒಂದನ್ನು ಮರೆಯುತ್ತಾರೆ. ಮಾಸ್ತರ್ರ ಮಗನಿಗೆ ಬಿದ್ದ ಏಟನ್ನು ತಾಳಿಕೊಳ್ಳಲು ಅವನ ಹಿಂದೆ ಒಂದು ಮನೆ ಇತ್ತು, ಮುಂದೆ ಅಂಗಡಿ ಹಾಕಿಕೊಡುವ ಮಾವ ಇದ್ದ. ಎಲ್ಲರಿಗೂ ಅದು ಇರುವುದಿಲ್ಲ.

ನಮ್ಮ ಸೀಮೆಯ ಕಬಡ್ಡಿ ಪಂದ್ಯಾವಳಿಯ ಇತಿಹಾಸ ಯಾವ ಪುಸ್ತಕದಲ್ಲೂ ಇಲ್ಲ. ಅದೂ ಅದರ ರೂಲುಗಳೂ ಮಾಸ್ತರ್ರ ಬಾಯಲ್ಲಿದ್ದವು. ಪ್ರತಿ ವರ್ಷ ಉದ್ಘಾಟನೆಯ ದಿನ ಮೈಕ್ ಹಿಡಿದು ಯಾವ ವರ್ಷ ಯಾವ ಊರು ಗೆದ್ದಿತು, ಕ್ಯಾಪ್ಟನ್ ಯಾರಿದ್ದ, ಯಾರ ಕಾಲು ಮುರಿಯಿತು ಎಲ್ಲವನ್ನೂ ತಡವರಿಸದೆ ಹೇಳುತ್ತಿದ್ದರು. ಮೊದಮೊದಲು ಬಿಳಿಜೋಳದ ರಾಶಿ ಮುಗಿದ ಮೇಲೆ ಖಾಲಿ ಎರೆ ಹೊಲದಲ್ಲಿ ಆಡುತ್ತಿದ್ದರಂತೆ. ಸುರಪುರದ ಹತ್ತಿ ವ್ಯಾಪಾರಿಯೊಬ್ಬ ಕೊಟ್ಟ ಹಿತ್ತಾಳೆ ಕೊಡವೇ ಗೆದ್ದವರ ಕಪ್. ಸಗರ, ದೋರನಹಳ್ಳಿ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರಂತೆ. ಒಂದು ವರ್ಷ ಗೆದ್ದ ಊರಿನ ಕ್ಯಾಪ್ಟನ್‌ಗೆ ಕೊನೆಯ ರೇಡಿನಲ್ಲಿ ಕಾಲು ಉಳುಕಿ ನಡೆಯಲಾಗಲಿಲ್ಲ. ಆಗ ಸೋತ ಊರಿನ ಕ್ಯಾಪ್ಟನ್ನೇ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು, ಜನರಿಗೆ ಕಾಣಲಿ ಎಂದು ಅಂಕಣದ ಸುತ್ತ ಒಂದು ಸುತ್ತು ಹಾಕಿದ. ಪ್ರೀತಿಗೆ ಮಾಡಿದ ಕೆಲಸ. ಮುಂದಿನ ವರ್ಷದಿಂದ ಅದು ಪದ್ಧತಿಯಾಯಿತು. ಪದ್ಧತಿಯಾದ ಮೇಲೆ ಅದರಲ್ಲಿ ಪ್ರೀತಿ ಉಳಿಯಲಿಲ್ಲ, ಸೋತವನ ತಲೆ ತಗ್ಗಿಸುವುದಷ್ಟೇ ಉಳಿಯಿತು. ಹೊತ್ತವನನ್ನು ವರ್ಷವಿಡೀ ಕತ್ತೆ ಎಂದು ಕರೆಯುತ್ತಿದ್ದರು.

ಆಮೇಲೆ ಕಾಲುವೆ ಬಂತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಖಾಲಿ ಹೊಲ ಎನ್ನುವುದೇ ಇಲ್ಲವಾಯಿತು. ಪಂದ್ಯಾವಳಿ ಬೇಸಿಗೆಯಲ್ಲಿ ಕಾಲುವೆ ಬಂದ್ ಮಾಡುವ ಕಾಲಕ್ಕೆ ಸರಿಯಿತು. ಊರುಗಳ ಜಗಳವೂ ಬದಲಾಯಿತು. ಮೊದಲು ಬದುವಿಗೋ ಹೆಣ್ಣಿಗೋ ಜಗಳ ಇರುತ್ತಿತ್ತು. ಈಗ ನೀರಿಗೆ. ನಮ್ಮೂರು ಉಪಕಾಲುವೆಯ ಬಾಲದಲ್ಲಿದೆ. ತಲೆಯಲ್ಲಿರುವ ಊರನ್ನು ನಾವು ಮೇಲಿನ ಊರು ಎನ್ನುತ್ತೇವೆ. ಅವರು ಕಾಲುವೆಗೆ ಅಡ್ಡ ಕಲ್ಲು ಹಾಕಿದರೆ ನಮಗೆ ಕೆಸರೂ ಸಿಗುತ್ತಿರಲಿಲ್ಲ. ನಾಟಿ ಮಾಡಿದ ಗದ್ದೆ ನಮ್ಮ ಕಣ್ಣೆದುರೇ ಬಿರಿಯುತ್ತಿತ್ತು. ಆದ್ದರಿಂದ ಮೇಲಿನ ಊರನ್ನು ಕಬಡ್ಡಿಯಲ್ಲಿ ಬಡಿಯುವುದು ನಮಗೆ ಅನ್ನದಷ್ಟೇ ಬೇಕಾದ ವಿಷಯವಾಗಿತ್ತು. ಆದರೆ ಪ್ರತಿ ವರ್ಷ ಅವರೇ ಗೆಲ್ಲುತ್ತಿದ್ದರು, ನಮ್ಮವನೇ ಹೊರುತ್ತಿದ್ದ.

ಮರೆಪ್ಪ ಸಿಕ್ಕಿದ್ದು ಆ ದಿನಗಳಲ್ಲೇ. ಕೇರಿಯವನು. ಅವರ ಮನೆಯವರು ಬೌದ್ಧರಾಗಿದ್ದರು, ಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು. ಹೊಲ ಇರಲಿಲ್ಲ, ಗಂಡ ಹೆಂಡತಿ ಇಬ್ಬರೂ ಕೂಲಿ. ಒಂದು ದಿನ ನಾನು ನಮ್ಮ ಗದ್ದೆಯಲ್ಲಿದ್ದೆ. ಮಾಸ್ತರ್ರು ಸೈಕಲ್ ಮೇಲೆ ಬರುವಾಗ, ಭತ್ತದ ಸಸಿಯ ದೊಡ್ಡ ಹೊರೆ ತಲೆ ಮೇಲಿಟ್ಟುಕೊಂಡು ಒಬ್ಬ ಹೊಲಗಾಲುವೆಯನ್ನು ಒಂದೇ ನೆಗೆತಕ್ಕೆ ದಾಟಿದ್ದನ್ನು ನೋಡಿದರು. ಹೊರೆ ಅಲುಗಲಿಲ್ಲ. ಮಾಸ್ತರ್ರು ಸೈಕಲ್ ಬಿಸಾಕಿ ಓಡಿಹೋಗಿ ಅವನ ಕಾಲನ್ನು ಗಟ್ಟಿಯಾಗಿ ಹಿಡಿದು, "ಬಿಡಿಸ್ಕೊ" ಅಂದರು. ಅವನು ಬಿಡಿಸಿಕೊಂಡ ರಭಸಕ್ಕೆ ಮಾಸ್ತರ್ರು ಕೆಸರಿನಲ್ಲಿ ಅಂಗಾತ ಬಿದ್ದರು. ಸಸಿ ಹಚ್ಚುತ್ತಿದ್ದ ಅವನ ಹೆಂಡತಿ ಭೀಮಬಾಯಿ ನಡು ನೆಟ್ಟಗೆ ಮಾಡಿ, "ಯಾರ್ರಿ ನೀವು? ಹಾದ್ಯಾಗ ಹೋಗೋರು ನನ್ನ ಗಂಡನ ಕಾಲ ಯಾಕ ಹಿಡೀತೀರಿ?" ಎಂದು ಗದರಿದಳು. ಮಾಸ್ತರ್ರು ಕೆಸರಲ್ಲೇ ಕೂತು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಜಾತಿ ನೋಡಿದವರಲ್ಲ ಎನ್ನುವ ಮಾತಿಗೆ ಬರುತ್ತೇನೆ. ನಿಜ, ಮೈದಾನದಲ್ಲಿ ಕೊಡ ಒಂದೇ, ಲೋಟ ಒಂದೇ. ಮರೆಪ್ಪ ಮುಟ್ಟಿದ ಲೋಟ ಬೇಡ ಎಂದವನೊಬ್ಬನಿಗೆ ಮಾಸ್ತರ್ರು ಬರಲು ಮುರಿಯುವವರೆಗೆ ಬಾರಿಸಿ, ಅದೇ ಲೋಟದಲ್ಲಿ ಕುಡಿಸಿದರು. ಆ ಹೊತ್ತಿಗೆ ನಾನೂ ಅವರನ್ನು ದೇವರೆಂದುಕೊಂಡೆ. ಅವರು ನೋಡುತ್ತಿದ್ದದ್ದು ಗೆಲುವನ್ನು ಮಾತ್ರ ಎಂದು ತಿಳಿಯಲು ಇನ್ನೊಂದು ವರ್ಷ ಬೇಕಾಯಿತು. ಜಾತಿ ಅವರಿಗೆ ಸುಣ್ಣದ ಗೆರೆ ಇದ್ದ ಹಾಗೆ. ಬೇಕಾದಲ್ಲಿ ಎಳೆಯುತ್ತಿದ್ದರು, ಬೇಡವಾದಾಗ ಕಾಲಿನಿಂದ ಒರೆಸುತ್ತಿದ್ದರು.

ಮುಂದಿನ ವರ್ಷ ಮತ್ತೆ ಫೈನಲ್ಲಿಗೆ ಬಂದೆವು. ಎದುರಿಗೆ ಮೇಲಿನ ಊರೇ. ಅವರ ಕ್ಯಾಪ್ಟನ್ ಅಲ್ಲಿಯ ಗೌಡರ ಮಗ. ಹಿಂದಿನ ಸಂಜೆ ಮಾಸ್ತರ್ರು ನಮ್ಮನ್ನು ಕೂಡಿಸಿ, ಮರೆಪ್ಪ ಕ್ಯಾಪ್ಟನ್ ಎಂದರು. ಅದುವರೆಗೆ ಕ್ಯಾಪ್ಟನ್ ಆಗಿದ್ದ ನಮ್ಮೂರ ಗೌಡರ ತಮ್ಮನ ಮಗ ಮುಖ ಊದಿಸಿಕೊಂಡ. ಅವನನ್ನು ಉಪನಾಯಕ ಮಾಡಿದರು. "ಯಾಕಂತ ಕೇಳ್ರಿ. ಆ ಗೌಡನ ಮಗಗ ಸೋತರ ಯಾರನ್ನ ಹೊರಬೇಕು ಅನ್ನೂದು ಗೊತ್ತಾತಂದ್ರ, ನಾಳಿ ಅವನ ತಲ್ಯಾಗ ಆಟ ಇರೂದಿಲ್ಲ, ಬರೇ ಹೆಗಲ ಇರತದ" ಎಂದರು. ಮರೆಪ್ಪ ಎದುರಿಗೇ ಕೂತಿದ್ದ. ಅವನೆದುರಿಗೆ ಇದನ್ನು ಹೇಳಬಾರದು ಎಂದು ಅವರಿಗೆ ಹೊಳೆಯಲೂ ಇಲ್ಲ. ಕೆಂಪು ಬಟ್ಟೆಯ ಪಟ್ಟಿಯನ್ನು ಅವನ ತೋಳಿಗೆ ತಾವೇ ಬಿಗಿಯಾಗಿ ಕಟ್ಟಿದರು.

ದಾರಿಯಲ್ಲಿ ನಾನು ಮರೆಪ್ಪನಿಗೆ, "ನಿನ್ನ ಬೆದರುಬೊಂಬಿ ಮಾಡ್ಯಾರ ನೋಡು" ಅಂದೆ.

"ಗೊತ್ತದಪಾ, ನಾ ಏನು ದಡ್ಡ ಅದೀನೇನು?" ಅಂದ. ಸ್ವಲ್ಪ ದೂರ ನಡೆದ ಮೇಲೆ ಅವನೇ, "ನಮ್ಮಪ್ಪ ಆ ಗೌಡರ ಮನ್ಯಾಗ ಜೀತ ಇದ್ದ. ಸಾಯೂತನಕ ಅವರ ಹಿಂಡಿ ಚೀಲ, ಅವರ ಹೊಟ್ಟಿನ ಚೀಲ, ಹೊತಗೋತ ಸತ್ತ. ನನಗ ಕಪ್ ಬ್ಯಾಡ, ಶಾಲ ಬ್ಯಾಡ. ಒಂದು ಸುತ್ತು. ಅವರ ಹೆಗಲ ಮ್ಯಾಲ ಕೂತರ ಊರು ಹ್ಯಾಂಗ ಕಾಣತದ ಅಂತ ಒಂದ ಸಲ ನೋಡಬೇಕು" ಅಂದ. ಇಷ್ಟು ಬೇಕು ಎಂದು ಅವನು ಬಾಯಿಬಿಟ್ಟು ಹೇಳಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

ಫೈನಲ್ ದಿನ ಬತ್ತಿದ ಕಾಲುವೆಯ ಏರಿಯ ಮೇಲೆ ಜನ ಸಾಲಾಗಿ ಕೂತಿದ್ದರು. ಭೀಮಬಾಯಿಯೂ ಕೇರಿಯ ಹೆಂಗಸರ ಜೊತೆ ಬಂದಿದ್ದಳು. ಮಾಸ್ತರ್ರ ಲೆಕ್ಕ ಸರಿಯಾಗಿತ್ತು. ಗೌಡನ ಮಗ ಮೊದಲ ರೇಡಿನಿಂದಲೇ ದಿಕ್ಕೆಟ್ಟವನಂತೆ ಆಡಿದ. ಮರೆಪ್ಪ ಒಳಗೆ ಹೋದಾಗಲೆಲ್ಲ ಯಾರನ್ನಾದರೂ ತಟ್ಟಿ ಬಂದ. ಕೊನೆಯ ನಿಮಿಷಕ್ಕೆ ನಾವು ಎಷ್ಟು ಮುಂದಿದ್ದೆವೆಂದರೆ, ಒಬ್ಬ ಔಟಾದರೂ ನಷ್ಟವಿರಲಿಲ್ಲ. ಮಾಸ್ತರ್ರು ಸೀಟಿಯ ದಾರ ಕಚ್ಚಿ ಗದ್ದ ತಿರುಗಿಸಿದರು. ಹೋಗು, ಉಸಿರು ಇರುವವರೆಗೆ ಅಲ್ಲೇ ನಿಂತು ಹೊತ್ತು ಕಳೆ, ಹಿಡಿದರೆ ಹಿಡಿಯಲಿ ಎನ್ನುವುದು ಅದರ ಅರ್ಥ. ಮರೆಪ್ಪ ಹೋದ, ಹೊತ್ತು ಕಳೆದ, ಸಿಕ್ಕಿಬಿದ್ದ, ಔಟಾಗಿ ಗೆರೆಯಾಚೆ ಬಂದು ಕೂತ. ಅವನು ಕೂತಿದ್ದ ಹಾಗೆಯೇ ಕೊನೆಯ ಸೀಟಿ ಆಯಿತು. ನಮ್ಮೂರು ಗೆದ್ದಿತ್ತು.

ಜನ ಏರಿಯಿಂದ ಉರುಳಿದಂತೆ ಇಳಿದು ಬಂದರು. ಆ ಗದ್ದಲದಲ್ಲಿ ಮರೆಪ್ಪ ಏನು ಮಾಡಿದನೆಂದು ನೋಡಿದ್ದು ಬಹುಶಃ ನಾನೊಬ್ಬನೇ. ಒಂದು ಕಾಲ ಮೇಲೆ ನಿಂತು ಇನ್ನೊಂದು ಅಂಗಾಲನ್ನು ಅಂಗೈಯಿಂದ ಉಜ್ಜಿ ಉಜ್ಜಿ ಮಣ್ಣು ತೆಗೆದ. ಆಮೇಲೆ ಕಾಲು ಬದಲಿಸಿ ಅದನ್ನೂ ಉಜ್ಜಿದ. ಹೊರುವವನ ಅಂಗಿಗೆ ಮಣ್ಣು ಹತ್ತಬಾರದು ಎಂದು.

ಗೌಡನ ಮಗ ಬಿಳಚಿಕೊಂಡು ನಿಂತಿದ್ದ. ಅವರ ಊರಿನ ಹಿರಿಯರು ನಾಲ್ಕಾರು ಜನ ಮಾಸ್ತರ್ರನ್ನು ಬೇವಿನ ಮರದ ಕೆಳಗೆ ಕರೆದರು. ನಮ್ಮೂರ ಹಿರಿಯರೂ ಸೇರಿಕೊಂಡರು. ನಾನು ಹತ್ತಿರದಲ್ಲೇ ಇದ್ದೆ. ಅವರಲ್ಲಿ ಒಬ್ಬರು ಮೆತ್ತಗೆ, "ಮಾಸ್ತರ್ರ, ಕಪ್ ಒಯ್ರಿ, ನಮ್ಮದೇನು ತಕರಾರಿಲ್ಲ. ಆದರ ಇದೊಂದು ಆಗಬಾರದು. ಹಂಗಾಮು ಬರತದ, ನಾವು ಕಲ್ಲು ಹಾಕೂದಿಲ್ಲ. ನಿಮ್ಮ ಕಡಿಗೆ ನೀರು ಬರತದ" ಅಂದರು. ಮಾಸ್ತರ್ರು ಕ್ಷಣವೂ ಯೋಚಿಸಲಿಲ್ಲ. ಹೋಗಿ ಮೈಕ್ ಹಿಡಿದರು.

"ಒಂದು ರೂಲ್ ಕೇಳ್ರಿ. ಕೊನೀ ಸೀಟಿ ಊದಿದಾಗ ಅಂಕಣದಾಗ ಇದ್ದವ ಕ್ಯಾಪ್ಟನ್. ಔಟಾಗಿ ಹೊರಗ ಕೂತವ ಕ್ಯಾಪ್ಟನ್ ಆಗೂದಿಲ್ಲ. ನಮ್ಮ ಕ್ಯಾಪ್ಟನ್ ಹೊರಗ ಕೂತಿದ್ದ. ಅದಕ್ಕ ಉಪನಾಯಕ ಈಗ ಕ್ಯಾಪ್ಟನ್."

ನಾನು ಕೂಗಿದೆ: "ಇದು ಯಾವ ಊರ ರೂಲ್‌ರಿ ಮಾಸ್ತರ್ರ? ನೀವ ಹೋಗು ಅಂದ್ರಿ, ಅಂವ ಹೋದ!"

"ನಿಮ್ಮಪ್ಪನ ಹೊಲ ಎಲ್ಲದಲೇ? ಬಾಲದಾಗ ಅದಲ್ಲ? ನೀರು ಬೇಕೋ ಬ್ಯಾಡೋ?" ಎಂದು ಮೈಕಿನಲ್ಲೇ ಕೇಳಿದರು. ನಾನು ಉತ್ತರ ಕೊಡುವ ಮೊದಲೇ ನಮ್ಮಪ್ಪ ಬಂದು ರಟ್ಟೆ ಹಿಡಿದು ನನ್ನನ್ನು ಆಚೆಗೆ ಎಳೆದುಕೊಂಡು ಹೋದ.

ಮಾಸ್ತರ್ರು ಮರೆಪ್ಪನ ಕಡೆ ತಿರುಗಿ, "ಆ ಪಟ್ಟಿ ಬಿಚ್ಚಿ ಅವಗ ಕೊಡು" ಅಂದರು. ಅವರೇ ಕಟ್ಟಿದ ಗಂಟು, ಬೆವರಿಗೆ ಇನ್ನೂ ಬಿಗಿದಿತ್ತು. ಒಂದೇ ಕೈಯಲ್ಲಿ ಬಿಚ್ಚಲಾಗದೆ ಮರೆಪ್ಪ ಹಲ್ಲಿನಿಂದ ಕಚ್ಚಿ ಎಳೆದ. ಯಾರೂ ಸಹಾಯಕ್ಕೆ ಹೋಗಲಿಲ್ಲ. ಗೌಡನ ಮಗ ನಗುನಗುತ್ತ ನಮ್ಮ ಗೌಡರ ತಮ್ಮನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಸುತ್ತು ಹಾಕಿದ. ಇಬ್ಬರೂ ದೂರದ ಸಂಬಂಧಿಕರು, ಕುಣಿದುಕೊಂಡೇ ಹೋದರು.

ಎಲ್ಲ ಮುಗಿದ ಮೇಲೆ ಮಾಸ್ತರ್ರು ಮರೆಪ್ಪನ ಬೆನ್ನು ತಟ್ಟಿ, "ಕಪ್ ಬಂತಿಲ್ಲೊ? ಮತ್ತೇನು ಬೇಕು ನಿನಗ?" ಎಂದು ಕೇಳಿದರು. ಮರೆಪ್ಪ, "ಏನಿಲ್ಲ ಬಿಡ್ರಿ" ಎಂದು ಹೆಂಡತಿ ನಿಂತಿದ್ದ ಕಡೆ ನಡೆದ.

ಅದನ್ನು ಅವರು ಮೊದಲೇ ಯೋಚಿಸಿ ಅವನನ್ನು ಔಟ್ ಮಾಡಿಸಿದರು ಎಂದು ಕೇರಿಯವರು ಇಂದಿಗೂ ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಕೂತು ಸಂಚು ಮಾಡುವಷ್ಟು ಸಮಯವನ್ನು ಅವರು ಯಾವ ಮನುಷ್ಯನಿಗೂ ಕೊಡುತ್ತಿರಲಿಲ್ಲ. ಕೈಗೆ ಸಿಕ್ಕಿದ್ದರಿಂದ ಹೊಡೆಯುತ್ತಿದ್ದರು. ಆ ದಿನ ಕೈಗೆ ಸಿಕ್ಕಿದ್ದು ಅವನು ಔಟಾಗಿದ್ದದ್ದು.

ನೀರು ಬಂತು. ಮೇಲಿನ ಊರಿನವರು ಕೊಟ್ಟ ಮಾತು ಉಳಿಸಿಕೊಂಡರು. ಬಾಲದ ಗದ್ದೆಗಳು ಹಸಿರಾದವು, ನಮ್ಮಪ್ಪ ಹಂಚಿನ ಮನೆಗೆ ಸ್ಲ್ಯಾಬ್ ಹಾಕಿಸಿದ. ಊರವರು ಮಾಸ್ತರ್ರಿಗೆ ಪೇಟ ಸುತ್ತಿ ಮೆರವಣಿಗೆ ಮಾಡಿದರು. ಹೊಲವಿಲ್ಲದ ಮರೆಪ್ಪನಿಗೆ ಬಂದದ್ದು ಕಳೆ ಕೀಳುವ ಕೆಲಸ. ಒಂದು ಹಂಗಾಮು ಕಿತ್ತ. ಆಮೇಲೆ ಹೆಂಡತಿಯನ್ನು ಕರೆದುಕೊಂಡು ಶಹಾಪುರಕ್ಕೆ ಹೋಗಿ ಅಕ್ಕಿ ಗಿರಣಿಯಲ್ಲಿ ಹಮಾಲಿ ಸೇರಿದ. ಮತ್ತೆ ಆಡಲಿಲ್ಲ.

ಮಾಸ್ತರ್ರ ಆ ರೂಲ್ ಮಾತ್ರ ಉಳಿಯಿತು. ಈಗಲೂ ನಮ್ಮ ಪಂದ್ಯಾವಳಿಯಲ್ಲಿ ಕೊನೆಯ ನಿಮಿಷಕ್ಕೆ ಕ್ಯಾಪ್ಟನ್ನುಗಳು ಔಟಾಗಬಾರದೆಂದು ಮೂಲೆಗೆ ಹೋಗಿ ಅವಿತುಕೊಳ್ಳುತ್ತಾರೆ. ಹೊಸ ಹುಡುಗರು ಅದು ಹಳೇ ಕಾಲದಿಂದ ಬಂದ ನಿಯಮ ಎಂದು ತಿಳಿದಿದ್ದಾರೆ. ಉದ್ಘಾಟನೆಯ ದಿನ ಇತಿಹಾಸ ಹೇಳುವಾಗ ಮರುವರ್ಷ ಮಾಸ್ತರ್ರು ನಾವು ಗೆದ್ದ ವರ್ಷದ ಕ್ಯಾಪ್ಟನ್ ಹೆಸರಿನ ಹತ್ತಿರ ಬಂದು ಸ್ವಲ್ಪ ಕೆಮ್ಮಿದರು. ಮುಂದೆ ಕೆಮ್ಮೂ ಹೋಯಿತು. ಗೌಡರ ತಮ್ಮನ ಮಗನ ಹೆಸರು ಸಲೀಸಾಗಿ ಬರತೊಡಗಿತು.

ಅವರು ನಿವೃತ್ತರಾದ ಮೇಲೆ ಒಮ್ಮೆ ಅವರ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಕನ್ನಡಿ ಹಿಡಿದು ಮೀಸೆ ಕತ್ತರಿಸಿಕೊಳ್ಳುತ್ತಿದ್ದರು. ಚಹಾ ಬರುವವರೆಗೆ ತಡೆದುಕೊಂಡು ಕೇಳಿದೆ: "ಮಾಸ್ತರ್ರ, ಆ ವರ್ಷ ಕ್ಯಾಪ್ಟನ್ ಯಾರು?"

"ಸೀಟಿ ಊದಿದಾಗ ಒಳಗ ಇದ್ದವ."

"ಅದು ನೀವ ನಿಂತ ನಿಲುವಿಗೆ ಮಾಡಿದ ರೂಲ್ ಅಲ್ಲೇನ್ರಿ?"

"ಎಲ್ಲಾ ರೂಲ್ ಯಾರರ ಮಾಡಿದ್ದ ಇರತಾವ. ಕಬಡ್ಡಿ ಏನು ಆಕಾಶದಿಂದ ಇಳದು ಬಂದದ?"

"ಮರೆಪ್ಪಗ ಒಂದು ಮಾತು ಹೇಳ್ರಿ. ಶಹಾಪುರದಾಗ ಅದಾನ. ನಾ ಕರಕೊಂಡು ಹೋಗ್ತೀನಿ."

ಕನ್ನಡಿಯಿಂದ ಮುಖ ತೆಗೆದು ನನ್ನನ್ನು ನೋಡಿದರು. "ಏನಂತ?" ಎಂದು ಕೇಳಿದರು. ಕುಹಕ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಏನು ಹೇಳಬೇಕೆಂದು ಅವರಿಗೆ ನಿಜಕ್ಕೂ ತಿಳಿಯಲಿಲ್ಲ. ಆ ಕತ್ತರಿ ಕಸಿದು ಮೀಸೆಯನ್ನು ಬುಡಕ್ಕೇ ಕತ್ತರಿಸಬೇಕು ಎನ್ನುವಷ್ಟು ಸಿಟ್ಟು ಬಂತು ನನಗೆ. ಚಹಾ ಕುಡಿಯದೆ ಎದ್ದು ಬಂದೆ.

ಕೆಲವು ವರ್ಷಗಳ ಮೇಲೆ ಪಂದ್ಯಾವಳಿಯ ಬೆಳ್ಳಿಹಬ್ಬ ಮಾಡಿದರು. ಗೆದ್ದ ಊರುಗಳ ಹಳೆಯ ಕ್ಯಾಪ್ಟನ್ನುಗಳಿಗೆಲ್ಲ ಶಾಲು ಹೊದಿಸುವುದು ಎಂದು ತೀರ್ಮಾನವಾಯಿತು. ಹೊಸ ಹುಡುಗರಿಗೆ ಹಳೆಯ ಕಥೆ ಗೊತ್ತಿಲ್ಲ. ಗಿರಣಿಗೆ ಹೋದ ಯಾರೋ ಒಬ್ಬ ಹುಡುಗ, ಮರೆಪ್ಪ ಫೈನಲ್ ಆಡಿದವನೆಂದು ಕೇಳಿ, "ಕಾಕಾ, ನೀವೂ ಬರ್ರಿ" ಎಂದು ಹೇಳಿ ಬಂದಿದ್ದ. ಮರೆಪ್ಪ ಬಂದ. ಬಿಳಿ ಅಂಗಿ, ಹೊಸ ಧೋತರ, ಮೂಟೆ ಹೊತ್ತು ಹೊತ್ತು ಒಂದು ಕಡೆ ವಾಲಿದ ಕುತ್ತಿಗೆ. ಜೊತೆಗೆ ಭೀಮಬಾಯಿ. ಮುಂದಿನಿಂದ ಮೂರನೆಯ ಸಾಲಿನಲ್ಲಿ ಕೂತರು. ನಾನು ಅವರ ಹಿಂದೆಯೇ ಇದ್ದೆ. ಅವನ ಕೈ ಅಂಗಿಯ ತೋಳಿನ ಮೇಲೆ ಆಗಾಗ ಹೋಗಿ ಬರುತ್ತಿತ್ತು.

ಹೆಸರು ಕರೆಯುವ ಕೆಲಸ ಮಾಸ್ತರ್ರದೇ. ಕಣ್ಣಿಗೆ ಪೊರೆ ಬಂದಿತ್ತು, ಬಾಯಿ ಮಾತ್ರ ಹಾಗೇ ಇತ್ತು. ವರ್ಷ, ಊರು, ಹೆಸರು. ವರ್ಷ, ಊರು, ಹೆಸರು. ಒಬ್ಬೊಬ್ಬರಾಗಿ ಮೇಲೆ ಹೋಗಿ ಶಾಲು ಹೊದ್ದು ಇಳಿದರು. ನಮ್ಮೂರು ಗೆದ್ದ ವರ್ಷ ಬಂತು. ಮಾಸ್ತರ್ರು ಊರ ಹೆಸರು ಹೇಳಿದ ಕೂಡಲೇ ಮರೆಪ್ಪ ಎದ್ದು ನಿಂತ. ಆಮೇಲೆ ಬಂದದ್ದು ಗೌಡರ ತಮ್ಮನ ಮಗನ ಹೆಸರು.

ಅವನು ಮೇಲೆ ಹೋಗಿ ಶಾಲು ಹೊದ್ದ. ಚಪ್ಪಾಳೆ ಬಿತ್ತು. ಮರೆಪ್ಪ ಕೂಡಲಿಲ್ಲ. ಹೋಗಲೂ ಇಲ್ಲ, ಕೂಡಲೂ ಇಲ್ಲ, ಸುಮ್ಮನೆ ನಿಂತ. ಮಾಸ್ತರ್ರು ಪೊರೆಗಣ್ಣು ಕಿರಿದು ಮಾಡಿ ನೋಡಿದರು. ಗುರುತು ಹಿಡಿದರೋ ಇಲ್ಲವೋ ಗೊತ್ತಿಲ್ಲ. ಹಿಡಿದರು ಎಂದೇ ನಾನು ಹೇಳುತ್ತೇನೆ.

"ಯಾರಪಾ ಅದು, ಕೂಡು. ಹಿಂದಿನವರಿಗೆ ಕಾಣವಲ್ದು" ಎಂದು ಮೈಕಿನಲ್ಲಿ ಅಂದರು. ಜನ ನಕ್ಕರು. ನಿಂತವನು ಯಾರೆಂದು ಗೊತ್ತಿಲ್ಲದವರೇ ಹೆಚ್ಚು, ಮಾಸ್ತರ್ರು ಏನಂದರೂ ನಗುವ ಅಭ್ಯಾಸ.

ಮರೆಪ್ಪ ಧೋತರ ಸರಿಪಡಿಸಿಕೊಂಡು ಬಾಗಿದ. ಇನ್ನೇನು ಕೂಡುತ್ತಾನೆ ಅನ್ನುವಾಗ ಭೀಮಬಾಯಿ ಅವನ ಮೊಣಕೈಗೆ ಕೈಕೊಟ್ಟು ಎತ್ತಿ ಹಿಡಿದಳು. ಕೂತಲ್ಲಿಂದಲೇ, ಮೈಕಿಲ್ಲದೆ, "ನಿಂದ್ರಲಿ ಬಿಡ್ರಿ ಮಾಸ್ತರ್ರ. ಕಾಣಲಾರದವರು ಮುಂದ ಬಂದು ಕೂಡ್ರಲಿ" ಅಂದಳು.

ನಗು ನಿಂತಿತು. ಮಾಸ್ತರ್ರು ಒಂದು ಗುಟುಕು ನೀರು ಕುಡಿದು ಮುಂದಿನ ವರ್ಷದ ಹೆಸರು ಕರೆದರು.

ಮರೆಪ್ಪ ಉಳಿದ ಅಷ್ಟೂ ವರ್ಷಗಳು ಮುಗಿಯುವವರೆಗೆ, ಭಾಷಣಗಳು ಮುಗಿಯುವವರೆಗೆ, ವಂದನಾರ್ಪಣೆ ಮುಗಿಯುವವರೆಗೆ ನಿಂತೇ ಇದ್ದ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು, ಯಾರೋ ಕಡಲೆ ಸಿಪ್ಪೆ ಎಸೆದರು. ಅವನು ತಿರುಗಿ ನೋಡಲಿಲ್ಲ. ಕೊನೆಗೆ ರಾಷ್ಟ್ರಗೀತೆ ಹಾಕಿದರು. ಸಭೆಯೆಲ್ಲ ಎದ್ದು ನಿಂತಿತು. ಅವನು ನಿಂತಿದ್ದು ಆಮೇಲೆ ಯಾರಿಗೂ ಕಾಣಲಿಲ್ಲ.